ಸಿಂಧೂ ಅತ್ಯಾ ಬೋರ್ಡು ಓದಿಸಿದ ವಾರ

ಇವತ್ತಿಗೂ ತರಕಾರಿ ಬುಟ್ಟಿಯಲ್ಲಿ ತೊಂಡೆಕಾಯಿಯ ಜೊತೆ ಒಂದೆರಡು ಎಲೆ ಸಿಕ್ಕರೆ ಬೆರಳಲ್ಲಿ ಹಿಸುಕಿ ಮೂಸುತ್ತೇನೆ. ಆ ಹಸಿ ಒಗರು ವಾಸನೆಯೊಳಗೆ ತೆಲುಗು ನಾಡಿನ ಕುಷಾಯಿಗೂಡದ ನಮ್ಮ ಬಾಡಿಗೆ ಮನೆಯಿದೆ, ಹಿತ್ತಲಿನ ಒಗೆಯುವ ಕಲ್ಲಿದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇದ್ದಿಲ ಪುಡಿಗೆ ತೊಂಡೆ ಎಲೆಯ ರಸ ಹಿಂಡಿ ಶಾಲೆಯ ಕರಿಹಲಗೆಗೆ ಬಳಿಯುತ್ತಿರುವ ಸಿಂಧೂ ಅತ್ಯಾ ಇದ್ದಾಳೆ. ಅಪ್ಪನ ಅಕ್ಕ ಆಕೆ. ಗಂಡ ತೀರಿಕೊಂಡ ಮೇಲೆ ರಾಯಚೂರಿನಿಂದ ನಮ್ಮಲ್ಲಿಗೆ ಬಂದು, ಹತ್ತಿರದ ಶಾಲೆಯ ಕನ್ನಡ ಮಾಧ್ಯಮದಲ್ಲಿ ಆರನೇ ತರಗತಿಗೆ ಪಾಠ ಹೇಳುತ್ತಿದ್ದಳು. ಆ ತರಗತಿಯಲ್ಲಿ ನಾನೂ ಒಬ್ಬಳು. ಮನೆಯಲ್ಲಿ ಅತ್ಯಾ, ಶಾಲೆಯಲ್ಲಿ ಅಕ್ಕೋರು. ಅಲ್ಲಿ ಬಾಯಿತಪ್ಪಿ ಅತ್ಯಾ ಎಂದರೆ ಕಿವಿ ಹಿಂಡುತ್ತಿದ್ದಳು.

ತರಗತಿ ಎಂದರೂ ಒಂದು ಜಮಖಾನೆಯ ಮೇಲೆ ಹಿಡಿಸುವಷ್ಟು ಮಕ್ಕಳು. ಇನ್ನೂ ಕಡಿಮೆಯಾದರೆ ಕನ್ನಡ ವಿಭಾಗವನ್ನೇ ಮುಚ್ಚುತ್ತೇವೆಂದು ಹೆಡ್‌ಮಾಸ್ತರರು ಹೇಳಿಬಿಟ್ಟಿದ್ದರು. ಪರವೂರಿನಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ: ಬೀದಿಯಲ್ಲಿ ನಾವೆಲ್ಲ ತೆಲುಗನ್ನು ನೀರು ಕುಡಿದಂತೆ ಮಾತಾಡುತ್ತಿದ್ದೆವು, ಓದಲು ಮಾತ್ರ ಬರುತ್ತಿರಲಿಲ್ಲ. ಗೆಳತಿ ಶಾಂತಾಳ ಅಪ್ಪ ಒಂದು ದಿನ ಬಾಗಿಲಲ್ಲೇ ನಿಂತು, "ಹುಡುಗಿ ಆರನೇತ್ತ ಓದ್ತಾಳ, ಬಸ್ಸಿನ ಬೋರ್ಡ್ ಓದಾಕ ಬರಂಗಿಲ್ಲಲ್ರೀ ಅಕ್ಕೋರ" ಎಂದ. ಅತ್ಯಾಗೆ ಅದು ಚುಚ್ಚಿತು. ಈ ದೂರನ್ನು ಒಂದೇ ವಾರದಲ್ಲಿ ಮುಗಿಸುತ್ತೇನೆಂದು ಹೊರಟಳು. ಸೋಮವಾರ ಹಲಗೆಯ ಮೇಲೆ ಕನ್ನಡ ಅಕ್ಷರದ ಪಕ್ಕಕ್ಕೆ ತೆಲುಗಿನದನ್ನು ಬರೆದು, "ಅಕ್ಕ-ತಂಗಿ ಅದಾರ ಇಬ್ರೂ. ತಲಿ ಅಷ್ಟ ಬ್ಯಾರೆ ಬಾಚ್ಕೊಂಡಾರ, ನೋಡ್ರಿ" ಎಂದಳು. ಮರುದಿನದಿಂದ ಪಾಠವೆಲ್ಲ ಬೀದಿಯಲ್ಲೇ. ಕಟಿಂಗ್ ಶಾಪು, ಹಿಟ್ಟಿನ ಗಿರಣಿ, ರೇಷನ್ ಅಂಗಡಿಗಳ ಬೋರ್ಡನ್ನು ನಾವು ಕಿರುಚಿ ಓದುತ್ತಿದ್ದರೆ ಅಂಗಡಿಯವರು ಹೊರಗೆ ಬಂದು ನಗುತ್ತಿದ್ದರು. ಶನಿವಾರದ ಹೊತ್ತಿಗೆ ಬಸ್‌ಸ್ಟಾಪಿನಲ್ಲಿ ಒಂದು ಬಸ್ಸಿನ ಬೋರ್ಡನ್ನೂ ಓದದೆ ಬಿಡಲಿಲ್ಲ. ಅಂದು ಸಂಜೆ ಚುರಮುರಿಗೆ ಉಳ್ಳಾಗಡ್ಡಿ ಹೆಚ್ಚುತ್ತ ಅತ್ಯಾ ಅಪ್ಪನಿಗೆ, "ಇನ್ನ ಯಾರೂ ಮಕ್ಕಳನ್ನ ಬಿಡಸಂಗಿಲ್ಲ ನೋಡು" ಎಂದಳು. ಆಕೆ ಅಷ್ಟು ಚೆಂದ ಕಂಡದ್ದನ್ನು ನಾನು ಮತ್ತೆ ನೋಡಲಿಲ್ಲ.

ಮರುದಿನ ಶಾಂತಾಳ ಅಪ್ಪ ಬಾಳೆಹಣ್ಣು, ತೆಂಗಿನಕಾಯಿ ಹಿಡಿದುಕೊಂಡೇ ಬಂದ. "ಭಾಳ ಉಪಕಾರ ಆತ್ರೀ ಅಕ್ಕೋರ. ಇನ್ನ ತೆಲುಗು ಮೀಡಿಯಮ್ಮಿಗೆ ಹಾಕಿದ್ರ ಹುಡುಗಿಗೆ ತ್ರಾಸ ಆಗಂಗಿಲ್ಲ." ನಿಜವಾಗಿ ಕೃತಜ್ಞತೆಯಿಂದಲೇ ಹೇಳಿದ, ಪಾಪ. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಅದೇ ಮಾತು ಹೇಳಲು ಬಂದರು. ಕೊನೆಗೆ ನಮ್ಮಪ್ಪ, ರೊಟ್ಟಿ ಮುರಿಯುತ್ತ, ತಲೆ ಎತ್ತದೆ, "ಅಕ್ಕಾ, ಇಕಿನ್ನೂ ಅಲ್ಲೇ ಹಾಕಬೇಕಂತ ಮಾಡೀನಿ. ನಾಳೆ ನೌಕರಿ ಇಲ್ಲೇ ಹಿಡೀಬೇಕಲ್ಲ" ಎಂದ. ಅತ್ಯಾ, "ಹಾಕು. ಓದಾಕ ಬರ್ತೈತಲ್ಲ ಈಗ" ಎಂದಳು. ನನಗೆ ಅಳು ಬಂತು. ಯಾಕೆಂದು ಯಾರೂ ಕೇಳಲಿಲ್ಲ.

ನನ್ನ ಜಡೆ ಹೆಣೆದು, ಕೈಹಿಡಿದು ವರಾಂಡ ದಾಟಿಸಿ ತೆಲುಗು ಮೇಡಮ್ಮಿಗೆ ಒಪ್ಪಿಸಿದವಳೂ ಆಕೆಯೇ. ದಸರಾ ರಜೆ ಮುಗಿಸಿ ಬರುವಷ್ಟರಲ್ಲಿ ಕನ್ನಡ ವಿಭಾಗ ಮುಚ್ಚಿ, ನಮ್ಮ ಹಳೇ ಕೋಣೆಯಲ್ಲಿ ಮುರುಕು ಬೆಂಚುಗಳನ್ನು ಪೇರಿಸಿದ್ದರು. ಅತ್ಯಾಳನ್ನು ಹೊಲಿಗೆ ಕಲಿಸಲು ಹಾಕಿದರು. ಸೂಜಿಗೆ ದಾರ ಪೋಣಿಸಲೂ ಆಕೆಗೆ ಕಣ್ಣು ಕಾಣುತ್ತಿರಲಿಲ್ಲ.

ಆ ಮನೆ ಈಗಿಲ್ಲ, ಮನೆಯವರೂ ಇಲ್ಲ. ನಾನು ಮದುವೆಯಾಗಿ ತೆಲುಗರ ಮನೆ ಸೇರಿದೆ. ಮಗಳಿಗೆ ಮನೆಯೊಳಗೂ ತೆಲುಗೇ. ಅತ್ಯಾ ನಮ್ಮನ್ನು ನಡೆಸಿದ ದಾರಿಯಲ್ಲಿ ಮಗಳನ್ನು ಈಚೆಗೆ, ಕನ್ನಡದ ಕಡೆಗೆ, ಕರೆತರಬಹುದೆಂದುಕೊಂಡು, ತೆಲುಗು ಅಕ್ಷರದ ಪಕ್ಕ ಕನ್ನಡ ಬರೆದು ಒಂದು ವಾರ ಕೂರಿಸಿಕೊಂಡೆ. ಜಾಣೆ, ಬೇಗ ಕಲಿತಳು. ಭಾನುವಾರ ಒಂದು ಇಡೀ ಪುಟ ಕನ್ನಡವನ್ನು ಎಲ್ಲೂ ತಡವರಿಸದೆ ಗಟ್ಟಿಯಾಗಿ ಓದಿ ಮುಗಿಸಿ, ನನ್ನ ಮುಖ ನೋಡಿ, "ಅಂಟೇ ಏಂಟಮ್ಮಾ?" ಎಂದಳು. ಹಾಗೆಂದರೇನಮ್ಮಾ ಎಂದು. ಅಷ್ಟು ಹೊತ್ತಿಗೆ ಅತ್ಯಾ ಬದುಕಿರಲಿಲ್ಲ, ಅದೊಂದು ಪುಣ್ಯ.