ಪಂಚಮಿಯ ದಿನ ಮುಂದೆ ಬಂದ ಗೋಡೆ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತೈದು ನಿಮಿಷ. ಹನ್ನೊಂದರೊಳಗೆ ನಾಗಪ್ಪನಿಗೆ ನೈವೇದ್ಯ ಆಗಬೇಕೆಂದು ದೊಡ್ಡಪ್ಪ ನಡುಮನೆಯಿಂದ ಮತ್ತೆ ಮತ್ತೆ ಕೂಗುತ್ತಿದ್ದರು. ಅದಕ್ಕೇ ನಾನು ಗಡಿಯಾರ ನೋಡಿದ್ದೆ. ಅವ್ವ ತೊಳೆದ ಹಂಡೆಯನ್ನು ಸೊಂಟದ ಮೇಲಿಟ್ಟುಕೊಂಡು ಒಗೆಯುವ ಕಲ್ಲಿನ ಕಡೆಯಿಂದ ಅಡುಗೆಮನೆಗೆ ಬರುತ್ತಿದ್ದಳು. ಅಡುಗೆಮನೆಗೂ ಹಿಂದಿನ ಗೋಡೆಗೂ ನಡುವೆ ಒಬ್ಬರು ನಡೆಯುವಷ್ಟೇ ಜಾಗ. ದಿನವೂ ಸಲೀಸಾಗಿ ಹಾಯುತ್ತಿದ್ದ ಹಂಡೆ ಅಂದು ಸಿಕ್ಕಿಕೊಂಡಿತು. ಅವ್ವ ನೂಕಿದಳು, ಹಿಂದಕ್ಕೆ ಎಳೆದಳು, ಆಮೇಲೆ ತಲೆಯೆತ್ತಿ ಗೋಡೆ ನೋಡಿದಳು. ಹಂಡೆಯಂತೂ ಬೆಳೆಯುವ ವಸ್ತುವಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಧಾರವಾಡದ ಕಡೆಯಿಂದ ಬಂದ ನಮ್ಮದು ಗೋವಾದ ಕುಡಚಡೆಯಲ್ಲಿ ಕಿರಾಣಿ ಅಂಗಡಿ. ಮುಂದೆ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದೆ ಕಡಿದು ನಿಲ್ಲಿಸಿದ ಗುಡ್ಡ. ಆ ಗುಡ್ಡದ ಮಣ್ಣು ಜಾರದಂತೆ ಯಾರೋ ಹಿಂದಿನವರು ಕೆಂಪು ಚಿರೇಕಲ್ಲಿನ ಗೋಡೆ ಕಟ್ಟಿದ್ದರು. ಅದರಲ್ಲಿ ಅಲ್ಲಲ್ಲಿ ತೂತುಗಳಿದ್ದವು. ಮಳೆಗಾಲದಲ್ಲಿ ಅವುಗಳಿಂದ ಕೆಂಪು ನೀರು ಬಂದು ಓಣಿಯೆಲ್ಲ ಕೆಸರಾಗುತ್ತಿತ್ತು. ಹಿಂದಿನ ವರ್ಷ ಒಂದು ತೂತಿನಿಂದ ಹಾವು ತಲೆ ಹಾಕಿತ್ತು. ಅಷ್ಟೇ ಸಾಕಾಯಿತು. ಬೇಸಿಗೆಯಲ್ಲಿ ದೊಡ್ಡಪ್ಪ ತಾವೇ ನಿಂತು ಎಲ್ಲ ತೂತುಗಳಿಗೂ ಸಿಮೆಂಟು ತುಂಬಿಸಿ, ಮೇಲೆ ಸುಣ್ಣ ಹೊಡೆಸಿದರು.

ಮಡಗಾವಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ಅಂದೇ ಹೇಳಿದ್ದೆ, ಒಳಗಿನ ನೀರಿಗೆ ಹೊರಗೆ ಬರಲು ದಾರಿ ಬೇಕು ಎಂದು. "ಕಾಲೇಜಿನ್ಯಾಗ ಗ್ವಾಡಿ ಕಟ್ಟೂದೂ ಕಲಸ್ತಾರೇನವಾ?" ಎಂದು ದೊಡ್ಡಪ್ಪ ನಕ್ಕಿದ್ದರು. ನಮ್ಮ ಊರಿನ ಕಡೆ ಗೋಡೆ ಎಂದರೆ ಎರಡೂ ಬದಿಗೆ ಗಾಳಿ ಇರುವಂಥದ್ದು. ತೂತು ಬಿದ್ದರೆ ಮುಚ್ಚುತ್ತಾರೆ. ಇಲ್ಲಿ ಗೋಡೆಯ ಬೆನ್ನಿಗೆ ಇಡೀ ಗುಡ್ಡ ಒರಗಿದೆ, ಅದು ನಾಲ್ಕು ತಿಂಗಳು ನೀರು ಕುಡಿಯುತ್ತದೆ ಎಂಬುದು ಅವರ ತಲೆಗೆ ಹೋಗಲಿಲ್ಲ. ಅವರು ಹೋಗಗೊಡಲಿಲ್ಲ.

ಆ ದಿನ ಗೋಡೆಯ ನಡುಭಾಗ ಬಸುರಿಯ ಹೊಟ್ಟೆಯಂತೆ ಮುಂದೆ ಬಂದಿತ್ತು. ಸುಣ್ಣದ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಬಿರುಕು. ಒಂದು ವಾರದಿಂದ ಬಿಡದ ಮಳೆ, ಆದರೆ ಗೋಡೆಯಿಂದ ಒಂದು ಹನಿ ನೀರೂ ಹೊರಗೆ ಬರುತ್ತಿರಲಿಲ್ಲ.

ಅವ್ವನಿಗೆ ದೊಡ್ಡಪ್ಪನ ಜೊತೆ ನೇರ ಮಾತಾಡುವ ರೂಢಿ ಇರಲಿಲ್ಲ, ಅವರೂ ಅವಳ ಜೊತೆ ಮಾತಾಡುತ್ತಿರಲಿಲ್ಲ. ಒಂದೇ ಕೋಣೆಯಲ್ಲಿದ್ದರೂ ಇಬ್ಬರ ಮಾತೂ ನನ್ನ ಮೂಲಕ ಹೋಗಬೇಕು.

"ಗ್ವಾಡಿ ಮುಂದ ಬಂದೈತಿ, ಸಿಮೆಂಟ್ ಒಡದು ನೀರ ಬಿಡ್ರಿ ಅಂತ ನಿಮ್ಮ ದೊಡ್ಡಪ್ಪಾರಿಗೆ ಹೇಳು," ಎಂದಳು ಬಾಗಿಲ ಹಿಂದಿನಿಂದ.

"ಇವತ್ತು ಪಂಚಮಿ ಅಂತ ನಿಮ್ಮವ್ವಗ ಹೇಳು. ನೆಲಕ್ಕ ಹಾರಿ-ಗುದ್ಲಿ ಹಾಕಬಾರದು. ತೂತಿನ್ಯಾಗ ನಾಗಪ್ಪ ಇರತಾನ, ಪೆಟ್ಟ ಬಿದ್ರ ಯಾರು ಜವಾಬ್ದಾರಿ? ನಾಳೆ ನೋಡೂಣು."

"ಹಂಗಾರ ನಾ ಒಳಗ ಒಲಿ ಮುಂದ ಕೂಡೂದಿಲ್ಲಂತ ಹೇಳು. ಉಳದದ್ದ ಹೊರಗ ಜಗಲಿ ಮ್ಯಾಲ ಮಾಡ್ತೀನಿ."

"ನೈವೇದ್ಯ ಬೀದ್ಯಾಗ ಮಾಡ್ತಾರೇನು? ಕಡಬು ಬೇಯಾಕತ್ತಾವ. ಮೊದಲ ಅದನ್ನ ಮುಗಸಂತ ಹೇಳು."

ನಾನು ಹೇಳಲಿಲ್ಲ. ಎಲ್ಲವೂ ಅವಳಿಗೆ ಕೇಳಿಸಿತ್ತು. ಅಂಗಡಿಗೆ ಓಡಿ ಅಪ್ಪನನ್ನು ಕರೆದೆ. "ಅಣ್ಣ ಅದಾನಲ್ಲ, ನೋಡ್ಕೋತಾನ," ಎಂದು ಅಪ್ಪ ಸಕ್ಕರೆ ತೂಗುತ್ತ ನಿಂತ. ನಾನು ತಿರುಗಿ ಬರುವಷ್ಟರಲ್ಲಿ ಅವ್ವ ಮತ್ತೆ ಒಲೆಯ ಮುಂದಿದ್ದಳು.

ಮೊದಲು ಸುಣ್ಣದ ಚಕ್ಕೆಗಳು ಉದುರುವ ಸದ್ದು, ಇಲಿ ಕಾಗದ ಕಡಿದ ಹಾಗೆ. "ಅವ್ವಾ, ಹೊರಗ ಬಾ!" ಎಂದು ಕಿರುಚಿದೆ. ಅವಳು ಕಡಬಿನ ಪಾತ್ರೆ ಬಿಡಲಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡೇ ನಡುಮನೆಯ ಹೊಸ್ತಿಲು ದಾಟಿದಳು. ಅವಳ ಸೆರಗಿನ ತುದಿ ಇನ್ನೂ ಆಚೆಗಿತ್ತು. ಗೋಡೆಯ ನಡುಭಾಗ ಬಾಯಿ ತೆರೆಯಿತು. ಕಲ್ಲು, ಕೆಂಪು ಮಣ್ಣು, ನೀರು ಕಿಟಕಿಯನ್ನು ಕಿತ್ತುಕೊಂಡು ಒಳಗೆ ನುಗ್ಗಿ ಒಲೆಯ ಮೇಲೆ ಬಿದ್ದವು. ಅವಳು ಈಗಷ್ಟೇ ಕುಳಿತಿದ್ದ ಮಣೆ ಕಾಣಲೇ ಇಲ್ಲ. ಇಂದಿಗೂ ನನಗೆ ಕಾಣುವುದು ಬಿದ್ದ ಗೋಡೆಯಲ್ಲ, ಆ ಕಾಣದ ಮಣೆ.

ದೊಡ್ಡಪ್ಪನ ಮೊದಲ ಮಾತು: "ಯಾರೋ ಮಡಿ ಕೆಡಸ್ಯಾರ. ನಾಗಪ್ಪಗ ಸಿಟ್ಟ ಬಂದೈತಿ."

ಅವ್ವ ಪಾತ್ರೆಯನ್ನು ಅವರ ಕಾಲ ಬಳಿ ಕುಕ್ಕಿದಳು. ಸೆರಗು ತಲೆಯ ಮೇಲಿರಲಿಲ್ಲ.

"ಭಾವಾರ, ಬ್ಯಾಸಿಗ್ಯಾಗ ಸಿಮೆಂಟ್ ತುಂಬಿಸುವಾಗ ನಾಗಪ್ಪ ಎಲ್ಲಿದ್ದ್ರಿ? ಅವನ ಮನಿ ಬಾಗಲಾ ಮುಚ್ಚಿಸಿದವರೂ ನೀವ, ಇವತ್ತ ತೆಗಿಬ್ಯಾಡಂದವರೂ ನೀವ. ನಾ ಒಳಗ ಸತ್ತಿದ್ರ ಯಾರ ಸಿಟ್ಟಂತಿದ್ದ್ರಿ?"

ಓಡಿ ಬಂದ ಅಪ್ಪ, "ಇರ್ಲಿ ಬಿಡ, ಹಬ್ಬದ ದಿನ," ಎಂದ. ನನಗೆ ಗೋಡೆಯ ಮೇಲಿನ ಸಿಟ್ಟಿಗಿಂತ ಈ 'ಇರ್ಲಿ ಬಿಡ' ಮೇಲಿನ ಸಿಟ್ಟು ಹೆಚ್ಚು. ಗೋಡೆ ಕಲ್ಲು ಮಣ್ಣಿನದು, ಅದಕ್ಕೆ ತಿಳಿಯುವುದಿಲ್ಲ.

ಉಳಿದ ಮಳೆಗಾಲ ಅಂಗಡಿಯ ಮೂಟೆಗಳ ನಡುವೆ ಮಲಗಿದೆವು. ದೀಪಾವಳಿ ಮುಗಿದ ಮೇಲೆ ವಿಜಾಪುರದ ಕಡೆಯ ಗೌಂಡಿಯೊಬ್ಬ ಗೋಡೆ ಕಟ್ಟುವ ಕೆಲಸಕ್ಕೆ ಬಂದ. ಬಿದ್ದ ಭಾಗಕ್ಕಷ್ಟೇ ತೇಪೆ ಹಾಕಿದರೆ ಸಾಕು ಎಂದು ದೊಡ್ಡಪ್ಪನ ವಾದ. ಅವ್ವ ನನಗೆ ಹೇಳಲಿಲ್ಲ, ಗೌಂಡಿಗೇ ಹೇಳಿದಳು: "ಪೂರಾ ತಗದು ಕಟ್ಟಪಾ." ಉಬ್ಬಿದ್ದನ್ನೆಲ್ಲ ಮೇಲಿನಿಂದ ಇಳಿಸಿದರು. ಅಡಿಪಾಯವನ್ನು ಗಟ್ಟಿ ನೆಲ ಸಿಗುವ ತನಕ ಇಳಿಸಿ, ಗೋಡೆಯನ್ನು ಗುಡ್ಡದ ಕಡೆಗೆ ತುಸು ವಾಲಿಸಿ ಕಟ್ಟಿದರು. ಬೆನ್ನಿಗೆ ಮಣ್ಣಿನ ಬದಲು ಜಲ್ಲಿ ತುಂಬಿದರು. ಮೇಲಿನ ನೀರು ಪಕ್ಕಕ್ಕೆ ಹೋಗಲೆಂದು ಗುಡ್ಡದ ಅಂಚಿಗೆ ಕಾಲುವೆ ತೋಡಿದರು. ಹೊರಗೆ ಇಳಿಜಾರಾಗಿ ಪೈಪುಗಳನ್ನು ಇಡುವಾಗ ದೊಡ್ಡಪ್ಪ ಮತ್ತೆ ಬಂದರು.

"ಮತ್ತ ತೂತ ಬಿಡ್ತೀಯೇನೋ?"

"ಬಿಡದಿದ್ರ ನನಗೇನ ಲುಕ್ಸಾನ ಇಲ್ಲ ಸಾವ್ಕಾರ್ರ. ಮುಂದಿನ ವರ್ಸ ಮತ್ತ ಕೆಲಸಾ ಸಿಗತೈತಿ."

"ಹಾವ ಬಂದ್ರ?"

"ಪೈಪಿನ ಬಾಯಿಗೆ ಜಾಳಿಗಿ ಹಾಕ್ತೀನ್ರಿ. ಹಾವ ಬರೂದಿಲ್ಲ, ನೀರ ಬರತೈತಿ."

ಗೋಡೆ ಎದ್ದಿತು. ಮಳೆಯಿಲ್ಲದ ಬೇಸಿಗೆಯಲ್ಲಿ ನಿದ್ದೆ ಬಂತು, ಆದರೆ ಅದನ್ನು ನಾನು ನಿದ್ದೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಜೂನ್ ಬಂದ ಮೇಲೆ ಮಳೆ ಜೋರಾದಾಗಲೆಲ್ಲ ಅವ್ವ ಎದ್ದು ಕೂರುತ್ತಿದ್ದಳು, ನಾನೂ ಏಳುತ್ತಿದ್ದೆ. ಪೈಪುಗಳಿಂದ ನೀರು ಬೀಳುವ ಸದ್ದು ಕೇಳಿಸುತ್ತಿದ್ದರೂ ನಮಗೆ ನಂಬಿಕೆ ಬರುತ್ತಿರಲಿಲ್ಲ.

ಮತ್ತೆ ಪಂಚಮಿ ಬಂತು. ಹಿಂದಿನ ಸಂಜೆಯಿಂದ ಹಿಡಿದ ಮಳೆ ಬೆಳಗಾದರೂ ಬಿಟ್ಟಿರಲಿಲ್ಲ. ಪಾವು ಬ್ರೆಡ್ಡು ಮಾರುವವನ ಸೈಕಲ್ಲಿನ ಪೋಂ ಪೋಂ ಸದ್ದಿಗೆ ಕಣ್ಣು ಬಿಟ್ಟೆ. ಹಿಂದೆ ನೀರು ಧಾರೆಯಾಗಿ ಬೀಳುತ್ತಿತ್ತು. ಅವ್ವ ಪಕ್ಕದಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ನಡುಮನೆಯಿಂದ ದೊಡ್ಡಪ್ಪನ ದನಿ: "ಹಬ್ಬದ ದಿನ ಇಷ್ಟೊತ್ತನಾ ಮಲಗ್ತಾರೇನು? ನಿಮ್ಮವ್ವನ್ನ ಎಬ್ಬಸು."

ನಾನು ಎಬ್ಬಿಸಲಿಲ್ಲ.