ನಮ್ಮತ್ತೆ ಮತ್ತು ಪಾರ್ಕಿನ ಜಿಂಕೆಗಳು

ನಮ್ಮತ್ತೆ ಇರುವೆ ಸಾಲು ಕಂಡರೂ ಸುತ್ತು ಹಾಕಿಕೊಂಡು ಹೋಗುವವರು. ಅಂಥವರು ಜಿಂಕೆ ಹೊಡೆಸಲು ಒಪ್ಪಿದರು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ಸೊಸೆಯಾದ ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಮದುವೆಯಾಗಿ ಚಾಮರಾಜಪೇಟೆಯ ಆ ಮನೆಗೆ ಬಂದದ್ದು ನಲವತ್ತರ ದಶಕದ ಕೊನೆಯಲ್ಲಿ. ಪೇಟೆಯಲ್ಲಿ ಜವಳಿ ಅಂಗಡಿ, ಮನೆಯಲ್ಲಿ ಎರಡು ಹೊತ್ತೂ ಲಿಂಗಪೂಜೆ. ಸೋಮವಾರ ಪೂಜೆ ಮುಗಿದ ಮೇಲೆ ಅತ್ತೆ ಬಾಳೆಹಣ್ಣಿನ ಸಿಪ್ಪೆ, ಸೊಪ್ಪಿನ ದಂಟು ಬುಟ್ಟಿಗೆ ತುಂಬಿಕೊಂಡು ಬಸವನಗುಡಿ ಕಡೆಯ ಒಂದು ಪಾರ್ಕಿಗೆ ಹೊರಡುತ್ತಿದ್ದರು. ಅಲ್ಲಿ ಜಿಂಕೆ ಸಾಕಿದ್ದರು. ಸುತ್ತಲಿನ ಬೀದಿಯವರೆಲ್ಲ ಪುಣ್ಯ ಬರುತ್ತದೆಂದು ಅವಕ್ಕೆ ತಿನ್ನಿಸುತ್ತಿದ್ದರು. ಹಿಂಡು ಬೆಳೆದೂ ಬೆಳೆದೂ ಬೇಲಿ ಮುರಿದು ಪಾರ್ಕಿನ ತುಂಬ ಹರಡಿಕೊಂಡಿತು.

ಪಾರ್ಕಿನ ಮೇಲ್ವಿಚಾರಕರು ಕೆಲವನ್ನು ಬೇರೆ ಊರಿಗೆ ಸಾಗಿಸಿದರು. ಮಿಕ್ಕವನ್ನು ನಮಗೆ ಬೇಕೆಂದು ಯಾರೂ ಕೇಳಲಿಲ್ಲ. ಕೊನೆಗೆ ಒಬ್ಬ ಬೇಟೆಗಾರನನ್ನು ಕರೆಸಿ ಹೊಡೆಸುವುದೆಂದಾಯಿತು. ನಮ್ಮ ನೆಂಟರ ಪೈಕಿ ಹಿರಿಯರು ಕೆಂಡವಾದರು. ಅಲ್ಲಿನ ಬಿಲ್ವದ ತೋಪು ತೀರಿಕೊಂಡ ನಮ್ಮ ಮಾವನವರು ನೆಡಿಸಿದ್ದು, ಹಾಗಾಗಿ ಅತ್ತೆಯ ಮಾತಿಗೆ ಅಲ್ಲಿ ಬೆಲೆಯಿತ್ತು. ನೀವು ಬೇಡವೆಂದರೆ ಸಾಕು ಎಂದು ಹಿರಿಯರು ಬಂದು ನಮ್ಮ ಜಗಲಿಯ ಮೇಲೆ ಕೂತರು. ನೋಡಿಕೊಂಡು ಬಂದು ಹೇಳುತ್ತೇನೆ ಎಂದು ಅತ್ತೆ ನನ್ನನ್ನು ಕರೆದುಕೊಂಡು ಹೊರಟರು.

ತೋಪಿನಲ್ಲಿ ದೊಡ್ಡ ಮರಗಳೇನೋ ಇದ್ದವು. ಕೆಳಗೆ ಒಂದು ಸಸಿಯೂ ಇಲ್ಲ. ನೇರಳೆ, ಹೊನ್ನೆಯ ಎಳೆ ಗಿಡಗಳೆಲ್ಲ ಜಿಂಕೆ ತಿಂದು ತೊಗಟೆ ಕಿತ್ತುಹೋದ ಬೋಳು ಕಡ್ಡಿಗಳು. ಅಷ್ಟು ದಿನ ಬುಟ್ಟಿ ಹಿಡಿದು ಬರುತ್ತಿದ್ದ ನಾವು ನೆಲ ನೋಡಿಯೇ ಇರಲಿಲ್ಲ.

ಮನೆಗೆ ಬಂದು ಅತ್ತೆ ಹಿರಿಯರೆದುರು ನಿಂತರು. "ತಿನ್ನಿಸಿ ತಿನ್ನಿಸಿ ಹೀಗೆ ಮಾಡಿರೋದು ನಾವೇ. ಈಗಿರೋ ಮರಗಳು ಬಿದ್ಮೇಲೆ ಅಲ್ಲಿ ಒಂದು ಗಿಡಾನೂ ಇರಲ್ಲ. ಹೊಡೀಲಿ, ಬೇಡ ಅನ್ನಲ್ಲ ನಾನು."

ಇನ್ನು ಈ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ ಎಂದು ಹಿರಿಯರು ಎದ್ದು ಹೋದರು. ನೆಂಟರಿಷ್ಟರೆಂದರೆ ಪ್ರಾಣ ಬಿಡುವ ಅತ್ತೆಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಎರಡು ದಿನ ಕಳೆದ ಮೇಲೆ ಹಿರಿಯರೇ ಹೇಳಿಕಳಿಸಿದರು: ಹೊಡೆಯುವ ದಿನ ಪ್ರಾಯಶ್ಚಿತ್ತವೆಂದು ಉಪವಾಸವಿದ್ದರೆ ಸಾಕು, ಎಲ್ಲ ಮರೆತು ಮೊದಲಿನಂತೆ ಬರುತ್ತೇವೆ.

ಆ ದಿನ ಬೆಳಗ್ಗೆ ಅತ್ತೆ ಪಾರ್ಕಿನ ಗೇಟಿನ ಹತ್ತಿರವೇ ನಿಂತರು. ನಾನೂ ನಿಂತೆ. ಒಳಗೆ ಒಂದೊಂದು ಗುಂಡು ಸಿಡಿದಾಗಲೂ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು, ಹೋಗೋಣ ಅನ್ನಲಿಲ್ಲ. ನನಗೆ ಅಳು ಬಂತು. ಜೊತೆಗೆ, ಇಂಥವರ ಸೊಸೆ ನಾನು ಎಂಬ ಹೆಮ್ಮೆಯೂ ಬಂತು.

ಮನೆಗೆ ಬಂದು ಅತ್ತೆ ಸ್ನಾನ, ಪೂಜೆ ಮುಗಿಸಿ ಎಲೆ ಹಾಕಿಕೊಂಡು ಕೂತರು. ನಾನು ಅನುಮಾನಿಸುತ್ತಾ ನಿಂತಿದ್ದೆ.

"ಬಡಿಸಮ್ಮ. ಉಪವಾಸ ಕೂತ್ರೆ ತಪ್ಪು ಮಾಡ್ದೆ ಅಂತ ನಾನೇ ಒಪ್ಕೊಂಡ ಹಾಗಾಗುತ್ತೆ."

ಬಡಿಸಿದೆ. ಅತ್ತೆಯ ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು. ಎಲೆಯಲ್ಲಿ ಒಂದಗುಳೂ ಬಿಡಲಿಲ್ಲ.