ಎಲುಬಿಗೆ ಕಿವಿ ಇರುವ ಮನೆ

ಇದನ್ನು ಓದಿ ನೀವು ನಂಬಿಬಿಟ್ಟರೆ ನನಗೇ ನಿಮ್ಮ ಮೇಲೆ ಅನುಮಾನ ಬರುತ್ತದೆ. ನಾನು ಹೇಳಿದ ಉಳಿದ ಎಲ್ಲವನ್ನೂ ಬಾಯಿ ತೆರೆದು ಕೇಳಿದ ನಮ್ಮ ಕ್ಲಾಸಿನವರು ಇದೊಂದನ್ನು ಮಾತ್ರ ನಂಬಲಿಲ್ಲ. ದುಃಖದ ಸಂಗತಿಯೆಂದರೆ, ನಾನು ಹೇಳಿದ್ದರಲ್ಲಿ ನಿಜ ಇದ್ದದ್ದು ಇದೊಂದೇ.

ಕುತ್ತಿಗೆಯ ಕೆಳಗೆ, ಭುಜಕ್ಕೆ ಅಡ್ಡಲಾಗಿ, ಅಂಗಿ ತೂಗುಹಾಕುವ ಹ್ಯಾಂಗರಿನಂಥ ಎಲುಬು ಇದೆಯಲ್ಲ, ನನ್ನ ಎಡಗಡೆಯ ಆ ಹ್ಯಾಂಗರು ಮುರಿಯಿತು. ನಮ್ಮೂರ ಕೋಟೆಯ ಬುರುಜಿನ ಮೇಲಿನ ಉದ್ದನೆಯ ತೋಪಿನ, ಅಂದರೆ ಫಿರಂಗಿಯ, ತುದಿಯಲ್ಲಿ ಒಂಟಿ ಕಾಲಲ್ಲಿ ನಿಂತಿದ್ದಾಗ ಗಾಳಿ ಬಂದು ಬೀಳಿಸಿತು ಎಂದು ಶಾಲೆಯಲ್ಲಿ ಹೇಳಿದೆ. ಮನೆಯಲ್ಲೂ ಅದನ್ನೇ ಹೇಳಿದೆ, ಗಾಳಿಯನ್ನು ಸ್ವಲ್ಪ ಕಡಿಮೆ ಮಾಡಿ. ನಿಮಗೆ ಮೊದಲೇ ನಿಜ ಹೇಳಿಬಿಡುತ್ತೇನೆ. ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಗೇಟಿನೊಳಗೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಅಪ್ಪನ ಸ್ಕೂಟರಿನ ಮೇಲೆ ಕೂತು, ಅದರ ಕನ್ನಡಿಯಲ್ಲಿ ಕೂದಲು ತೀಡಿಕೊಳ್ಳುತ್ತಿದ್ದೆ. ಸ್ಟ್ಯಾಂಡ್ ಜಾರಿತು. ಮನೆಯಲ್ಲಿ ಯಾರೂ ಇರಲಿಲ್ಲ. ಸ್ಕೂಟರು ಬಿದ್ದ ತಪ್ಪನ್ನು ಪಕ್ಕದ ಮನೆಯ ಬೆಕ್ಕಿನ ಮೇಲೆ ಹಾಕಿ, ನಾನು ಬಿದ್ದ ಕೀರ್ತಿಯನ್ನು ಕೋಟೆಗೆ ಕೊಟ್ಟೆ. ನಿಂತ ಗಾಡಿಯಿಂದ ಬಿದ್ದು ಎಲುಬು ಮುರಿದುಕೊಂಡವನು ಇಡೀ ಕಲಬುರಗಿಯಲ್ಲಿ ನಾನೊಬ್ಬನೇ ಇರಬೇಕು. ಅಂಥ ದಾಖಲೆಯನ್ನು ಯಾರು ಹೇಳಿಕೊಳ್ಳುತ್ತಾರೆ?

ಡಾಕ್ಟರು ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಗೆ ಹಾಕಿ ಕಳಿಸಿದರು. ವಾರಗಳು ಕಳೆದ ಮೇಲೆ ಮತ್ತೊಂದು ಎಕ್ಸ್‌ರೇ ತೆಗೆಸಿ, ಎರಡು ತುಂಡುಗಳ ನಡುವೆ ಇನ್ನೂ ಸಂದು ಕಾಣುತ್ತಿದೆ, ಸೋಮವಾರ ಬನ್ನಿ, ಕುಯ್ದು ಲೋಹದ ಪಟ್ಟಿ ಕೂಡಿಸಿ ಸ್ಕ್ರೂ ಬಿಗಿಯೋಣ ಎಂದರು. ಸ್ಕ್ರೂ ಎನ್ನುವಾಗ ಬೆರಳನ್ನು ಗಾಳಿಯಲ್ಲಿ ತಿರುಗಿಸಿಯೂ ತೋರಿಸಿದರು. ತೋಪಿನ ಮೇಲೆ ಒಂಟಿ ಕಾಲಲ್ಲಿ ನಿಂತ ವೀರ ಮನೆಗೆ ಬಂದು, ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತ.

ಒಂದು ಶಬ್ದ ಶುರುವಾದದ್ದೂ ಆಗಲೇ. ಭುಜದೊಳಗಿಂದ ‘ಟಿಕ್’ ಎನ್ನುತ್ತಿತ್ತು. ಕೈ ಅಲ್ಲಾಡಿಸಿದಾಗ ಬಂದರೆ ಸರಿ, ಮುರಿದ ಎಲುಬು ಅನ್ನಬಹುದು. ಇದು ನಾನು ಸುಮ್ಮನೆ ಕೂತು ಮಾತಾಡುವಾಗ ಬರುತ್ತಿತ್ತು. ಊಟದ ಡಬ್ಬಿ ತೆರೆದು ಗೆಳೆಯರಿಗೆ ಬುರುಜಿನ ಎತ್ತರ ಹೇಳುತ್ತಿದ್ದೆ. ಟಿಕ್. ಎತ್ತರ ಇನ್ನೊಂದಿಷ್ಟು ಏರಿಸಿದೆ. ಟಿಕ್. ಪಕ್ಕದಲ್ಲಿದ್ದವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಕಾಲರಿನ ಕಡೆ ನೋಡಿದ. ಪೆನ್ನಿನ ಗುಂಡಿ ಒತ್ತಿದೆ ಎಂದೆ. ಅದಕ್ಕೂ ಟಿಕ್ ಎಂದಿತು.

ಮನೆಯಲ್ಲಿ ಎರಡು ಪಕ್ಷಗಳಾದವು. ಇನ್ನೊಬ್ಬ ಡಾಕ್ಟರಿಗೆ ತೋರಿಸದೆ ಕುಯ್ಯಿಸುವುದಿಲ್ಲ ಎಂದು ಅಪ್ಪ. ಇನ್ನೊಬ್ಬರಿಗೆ ತೋರಿಸುವುದಾದರೆ ಅದು ಕಮಲಾಪುರದಲ್ಲಿ ಎಲುಬು ಕೂಡಿಸುವ ಮುದುಕಿಗೇ ಎಂದು ಆಯಿ, ಅಂದರೆ ಅಪ್ಪನ ತಾಯಿ. ಆ ಊರು ಆಯಿಯ ತವರು. ಆ ಮುದುಕಿಯ ಸುದ್ದಿ ಎತ್ತಿದರೆ ಅಪ್ಪ ಕಿವಿ ಮುಚ್ಚಿಕೊಳ್ಳುತ್ತಿದ್ದ. ನನಗೆ ಎರಡೂ ಒಂದೇ, ಸ್ಕ್ರೂ ಇಲ್ಲದ ಕಡೆ ನನ್ನ ಮತ. ಹಾಗಾಗಿ ಸೋಮವಾರಕ್ಕೆ ಮುಂಚೆ, ಆ ಊರಿನ ಸಂತೆಯ ದಿನ, ಅಪ್ಪ ಕಚೇರಿಗೆ ಹೋದ ಮೇಲೆ, ಕೆಂಪು ಬಾಳೆಹಣ್ಣು ತರುವ ನೆಪದಲ್ಲಿ ಆಯಿ ನನ್ನನ್ನು ಬಸ್ಸು ಹತ್ತಿಸಿದಳು.

ದಾರಿಯಲ್ಲಿ ಆಯಿ ಆ ಮನೆಯ ರೀತಿ ಹೇಳಿಕೊಟ್ಟಳು. ಅಲ್ಲಿ ಯಾರೂ ಮಾತಾಡುವಂತಿಲ್ಲ. ಎಲುಬು ಮುರಿದವನು ಮಾತ್ರ, ಮುದುಕಿ ಕೈಯಿಟ್ಟ ಮೇಲೆ, ತಾನು ಹೇಗೆ ಬಿದ್ದೆ ಎಂದು ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ಅವನು ಹೇಳಿದ ದಾರಿಯಲ್ಲೇ ಅವಳು ಎಲುಬನ್ನು ಹಿಂದಕ್ಕೆ ಕರೆದುಕೊಂಡು ಹೋಗುತ್ತಾಳೆ. ಎಡಕ್ಕೆ ಬಿದ್ದವನನ್ನು ಬಲಕ್ಕೆ, ಕೆಳಗೆ ಬಿದ್ದವನನ್ನು ಮೇಲಕ್ಕೆ.

“ಸುಳ್ಳ ಹೇಳಿದ್ರ?” ಎಂದೆ, ಸುಮ್ಮನೆ ತಿಳಿದುಕೊಳ್ಳಲಿಕ್ಕೆ.

“ಎಲುಬು ಸುಳ್ಳಿನ ಕಡೀಗೇ ಹೋಗಿ ಕೂಡ್ತದ,” ಎಂದಳು ಆಯಿ. “ನಿನಗ್ಯಾಕ ಅದು? ನೀ ಖರೇನೇ ಕೋಟಿ ಮ್ಯಾಲಿಂದ ಬಿದ್ದೀಯಲ್ಲ.”

ಟಿಕ್ ಎಂದಿತು. ಬಸ್ಸಿನ ಕಿಟಕಿ ಇರಬೇಕು ಎಂದಳು ಆಯಿ.

ಸಂತೆಯ ಗದ್ದಲದ ಹಿಂದೆಯೇ ಆ ಮನೆ. ಹೊರಗೆ ಬದನೆಕಾಯಿ ಮಾರುವವನ ಕೂಗು ಗಂಟಲು ಹರಿಯುವಂತಿತ್ತು. ಹೊಸ್ತಿಲು ದಾಟಿದೆವು, ಯಾರೋ ಅವನ ಬಾಯಿಗೆ ಬಟ್ಟೆ ತುರುಕಿದಂತೆ ಕೂಗು ನಿಂತುಬಿಟ್ಟಿತು. ಒಳಗೆ ಬೇವಿನೆಣ್ಣೆಯ ವಾಸನೆ. ಕಣ್ಣು ಕತ್ತಲೆಗೆ ಹೊಂದಿಕೊಂಡಾಗ ತಲೆಯೆತ್ತಿ ನೋಡಿದೆ. ನೋಡಬಾರದಿತ್ತು.

ಗುಣವಾದವರು ಬಿಚ್ಚಿಕೊಟ್ಟ ಬಿದಿರುಪಟ್ಟಿ, ಬಟ್ಟೆಯ ಕಟ್ಟುಗಳನ್ನೆಲ್ಲ ಮುದುಕಿ ಜಂತಿಗೆ ತೂಗುಹಾಕಿದ್ದಳು. ಒಂದೊಂದೂ ಒಬ್ಬೊಬ್ಬರ ಆಕಾರ ಹಿಡಿದು ಗಟ್ಟಿಯಾಗಿತ್ತು. ಮೊಣಕೈ ಮಡಿಸಿದ ಕೈಗಳು, ನೀಳವಾದ ಕಾಲುಗಳು, ತೊಟ್ಟಿಲ ಮಗುವಿನದಿರಬಹುದಾದ ಒಂದು ಪುಟ್ಟ ತೋಳು. ಒಳಗೆ ಯಾರೂ ಇಲ್ಲ, ಆದರೂ ಎಲ್ಲರೂ ಇದ್ದರು. ಮೂಲೆಯಲ್ಲಿ ಎರಡು ಭುಜ ಸುತ್ತಿ ಬೆನ್ನ ಮೇಲೆ ಗಂಟು ಹಾಕುವ ಕಟ್ಟೊಂದು ತಲೆಯಿಲ್ಲದ ಹುಡುಗನ ಹಾಗೆ ತೂಗುತ್ತಿತ್ತು. ಅಳತೆ ಸರಿಯಾಗಿ ನನ್ನದೇ.

ಮುದುಕಿ ಕಣ್ಣು ಮುಚ್ಚಿಕೊಂಡೇ ಮಣೆ ತೋರಿಸಿದಳು. ನಾನು ಕೂತೆ. ಅಷ್ಟರಲ್ಲಿ ಆಯಿಯ ಸೆರಗಿನಲ್ಲಿದ್ದ ಫೋನು ಬಡಿದುಕೊಂಡಿತು. ಅಪ್ಪ. ಆ ಮನೆಯಲ್ಲಿ ಮಾತಾಡುವಂತಿಲ್ಲವಲ್ಲ, ಆಯಿ ಕಟ್ ಮಾಡಿದಳು. ಮತ್ತೆ ಬಂತು, ಮತ್ತೆ ಕಟ್. ನಮ್ಮ ಮನೆತನದಲ್ಲಿ ಯಾರಾದರೂ ಮುರಿದ ಎಲುಬಿನೊಂದಿಗೆ ಮಾಯವಾಗಿ ಫೋನು ಕಟ್ ಮಾಡಿದರೆ ಅವರು ಇರುವ ಜಾಗ ಒಂದೇ ಎಂದು ಅಪ್ಪನಿಗೆ ಗೊತ್ತಿದೆ ಎಂಬುದನ್ನು ನಾವಿಬ್ಬರೂ ಯೋಚಿಸಲಿಲ್ಲ.

ಮಣೆಯ ಮೇಲೆ ತಾಸಿಗೂ ಹೆಚ್ಚು ಕಾಯಿಸಿದ ಮೇಲೆ ಕೊರಳಿನ ಕೆಳಗೆ ಮುದುಕಿಯ ಕೈ ಬಿತ್ತು. ಬೇಸಿಗೆಯ ನಡುಹಗಲು, ಕೈ ಮಾತ್ರ ಮಣ್ಣಿನ ಗಡಿಗೆಯ ತಳದಷ್ಟು ತಣ್ಣಗಿತ್ತು.

“ಹೇಳು ತಮ್ಮಾ,” ಎಂದಳು.

ಪಕ್ಕದಲ್ಲಿ ಆಯಿ. ಆಯಿಗೆ ಹೇಳಿದ್ದು ಕೋಟೆ. ಕೋಟೆಯಿಂದಲೇ ಶುರು ಮಾಡಿದೆ. ಇನ್ನು ಮುಂದಿನದನ್ನೇ ನೀವು ನಂಬದಿರುವುದು. ತೋಪಿನ ಕಬ್ಬಿಣ ಬಿಸಿಲಿಗೆ ಕಾದಿತ್ತು ಎಂದೆ. ಅಂಗಾಲು ಸುಟ್ಟಿತು. ಗಾಳಿ ಬಂತು ಎಂದೆ. ಕಿವಿಯ ಹಿಂದೆ ಕೂದಲು ಹಾರಿತು. ತಲೆಯ ಮೇಲೆ ಬಿದಿರಿನ ಕೈಕಾಲುಗಳು ಒಂದಕ್ಕೊಂದು ತಾಗಿ ಟಕ್ ಟಕ್ ಎಂದವು. ನಾನು ಆ ತೋಪನ್ನು ಜನ್ಮದಲ್ಲಿ ಹತ್ತಿದವನಲ್ಲ, ಆದರೆ ಕಾಲ ಕೆಳಗೆ ಕಂದಕದ ಹಸಿರು ನೀರು ಕಾಣುತ್ತಿತ್ತು. ಜೋಳಿಗೆಯಲ್ಲಿದ್ದ ಎಡಗೈ, ನನ್ನನ್ನು ಕೇಳದೆ, ಬೀಳುವವನ ಕೈಯಂತೆ ಮೇಲಕ್ಕೇಳತೊಡಗಿತು.

ಮುದುಕಿ ಅದನ್ನು ಹಿಡಿದು ಮೆಲ್ಲಗೆ ತೊಡೆಯ ಮೇಲಿಟ್ಟಳು. “ಇದಕ್ಕ ಆ ದಾರಿ ಗೊತ್ತಿಲ್ಲ,” ಎಂದಳು. “ಇನ್ನೊಮ್ಮಿ ಹೇಳು.”

ನಾನು ಬುದ್ಧಿವಂತ. ಅರ್ಧ ದಾರಿಗೆ ಇಳಿದೆ. ಕೋಟೆಗೆ ಹೋಗುವಾಗ ಗೆಳೆಯನ ಬೈಕಿನ ಹಿಂದೆ ಕೂತಿದ್ದೆ, ಬೈಕು ಜಾರಿತು ಎಂದೆ. ಬಾಯಿ ತುಂಬ ರಸ್ತೆಯ ಧೂಳಿನ ರುಚಿ. ಏನೂ ಆಗಿರದ ಬಲ ಮೊಣಕಾಲು ಪ್ಯಾಂಟಿನೊಳಗೆ ಉರಿಯತೊಡಗಿತು. ಮುಟ್ಟಿ ನೋಡಿಕೊಳ್ಳುವ ಧೈರ್ಯ ಆಗಲಿಲ್ಲ. ಭುಜದಲ್ಲಿ ಟಿಕ್, ಟಿಕ್, ಟಿಕ್, ಗೋಡೆಯಾಚೆ ಯಾರೋ ಬಾಗಿಲು ತೆಗೆಯಿರಿ ಎಂದು ಬಡಿಯುವ ಹಾಗೆ. ಆಯಿ ಈಗ ನನ್ನನ್ನು ನೋಡುತ್ತಿರಲಿಲ್ಲ, ನನ್ನ ಭುಜವನ್ನು ನೋಡುತ್ತಿದ್ದಳು.

“ತಮ್ಮಾ,” ಎಂದಳು ಮುದುಕಿ. ಸಿಟ್ಟಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. “ನಾ ಎಳದೀನಿ ಅಂದ್ರ ಎಳದಂಗ. ಆಮ್ಯಾಲ ಕೈ ಹ್ಯಾಂಗ ಕೂಡ್ತದೋ ಜನ್ಮಪೂರ್ತಿ ಹಾಂಗೇ. ಯಾವ ಕಡಿ ಎಳೀಲಿ, ನೀನೇ ಹೇಳು.”

ಮೂಲೆಯ ತಲೆಯಿಲ್ಲದ ಹುಡುಗ ನಿಧಾನವಾಗಿ ನನ್ನ ಕಡೆ ತಿರುಗಿದ. ಹಗ್ಗ ಹೊಸೆದುಕೊಂಡಿರಬೇಕು ಎಂದು ನೀವು ಹೇಳುತ್ತೀರಿ. ಹೇಳಿ.

ನಾನು ನಿಜ ಹೇಳತೊಡಗಿದೆ. ಗೇಟು, ಸ್ಕೂಟರು, ಸ್ಟ್ಯಾಂಡು, ಕನ್ನಡಿ. ಒಂದಕ್ಷರವನ್ನೂ ಹಿಗ್ಗಿಸಲಿಲ್ಲ, ನನ್ನ ಬದುಕಿನಲ್ಲಿ ಅಷ್ಟು ಸಪ್ಪೆಯಾಗಿ ನಾನು ಎಂದೂ ಮಾತಾಡಿಲ್ಲ. ಟಿಕ್ ನಿಂತಿತು. ಮೇಲಿನ ಟಕ್ ಟಕ್ ಕೂಡ ನಿಂತಿತು. ಮುದುಕಿಯ ಎರಡನೆಯ ಕೈಯೂ ಬಂದು ಬೆನ್ನ ಹಿಂದೆ ಜಾಗ ಹುಡುಕಿ ಕೂತಿತು. ಹೆಬ್ಬೆರಳು ಒತ್ತಿತು. ನಾನು ಬೀಳುವ ಜಾಗಕ್ಕೆ ಬರಲು ಇನ್ನೊಂದೇ ಮಾತು ಉಳಿದಿತ್ತು, ಅದನ್ನು ಹೇಳಿದೊಡನೆ ಅವಳು ಎಳೆಯುವವಳು. ಹಲ್ಲು ಕಚ್ಚಿದೆ.

ಹೊಸ್ತಿಲಲ್ಲಿ ಬೆಳಕಿಗೆ ಯಾರೋ ಅಡ್ಡ ಬಂದರು.

“ಕೈ ತಗೀರಿ, ಅಮ್ಮಾ.”

ಅಪ್ಪ. ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದರಲ್ಲಿ ನನ್ನ ಎಕ್ಸ್‌ರೇ. ಆ ಮನೆಯಲ್ಲಿ ಮಾತಾಡಬಾರದು ಎಂಬ ಖಬರೇ ಇಲ್ಲದವನಂತೆ ಮಾತಾಡಿದ. ಬೆಳಿಗ್ಗೆ ಕಚೇರಿಗೆ ಹೋಗುವ ಬದಲು ಬೇರೆ ಡಾಕ್ಟರ ಬಾಗಿಲಲ್ಲಿ ಕೂತು ಚಿತ್ರಗಳನ್ನೆಲ್ಲ ತೋರಿಸಿದ್ದನಂತೆ. “ಕೂಡಾಕತ್ತದ ಅಂದಾರ. ತಡಾ ಆಗ್ತದ, ಆದ್ರ ಕೂಡ್ತದ. ಆಪರೇಷನ್ ಬ್ಯಾಡ. ಈಗ ಯಾರರೆ ಎಳದ್ರ ಮಾತ್ರ ಎಲ್ಲಾ ಬಿಚ್ಚಿ ಹೋಗ್ತದ.”

ಮುದುಕಿ ಮೊದಲ ಸಲ ಕಣ್ಣು ತೆರೆದಳು. ಬೆಳ್ಳಗೆ, ಹಾಲಿನ ಕೆನೆ ಕಟ್ಟಿದಂಥ ಕಣ್ಣು. ಕೈಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆದುಕೊಂಡಳು. “ಅವಂದು ಹೇಳೂದು ಇನ್ನಾ ಪೂರ್ತಿ ಆಗಿಲ್ಲ,” ಎಂದಳು.

ಸ್ಕ್ರೂ ಇಲ್ಲ. ಆ ಕ್ಷಣದಲ್ಲೇ ನನ್ನ ತಲೆ ಓಡಿತು: ಮೊದಲ ಸಲವೇ ನಿಜ ಹೇಳಿದ್ದರೆ ಅವಳು ಆಗಲೇ ಎಳೆದಿರುತ್ತಿದ್ದಳು, ಅಂದರೆ ನನ್ನ ಕೈ ಉಳಿಸಿದ್ದು ನನ್ನ ಸುಳ್ಳುಗಳೇ. ಇಂಥ ವಾದ ಒಬ್ಬ ಮನುಷ್ಯನಿಗೆ ಒಮ್ಮೆ ಮಾತ್ರ ಸಿಗುತ್ತದೆ. ಅದನ್ನು ಹೇಳಲೆಂದೇ ಬಾಯಿ ತೆರೆದೆ.

“ಉಳಿದದ್ದು ಮನ್ಯಾಗ ಹೇಳ್ತಾನ,” ಎಂದ ಅಪ್ಪ ಮುದುಕಿಗೆ, ನನ್ನನ್ನು ನೋಡುತ್ತಾ. “ನಾ ಬಾಗಲದಾಗ ಬಾಳ ಹೊತ್ತು ನಿಂತು ಕೇಳೀನಿ. ನಡಿ.”